ಜೈಸಲ್ಮೇರ್, ಜೋಧಪುರ, ಬಿಕಾನೇರ್: ಮೂರು ಮರುಭೂಮಿ ನಗರಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ರಾಜಸ್ಥಾನದ ಪಶ್ಚಿಮ ಭಾಗಕ್ಕೆ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಮರಳುದಿಬ್ಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಊರನ್ನು ಆರಿಸುತ್ತಾರೆ. ಒಂಟೆ ಸವಾರಿ ಎಲ್ಲಿ ಸಿಗುತ್ತದೆ, ಸೂರ್ಯಾಸ್ತ ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ವಿಚಾರಿಸಿ, ಉಳಿದ ಹೊತ್ತನ್ನು ಕೋಟೆ ಅರಮನೆಗಳಿಗೆ ಹಂಚುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಒಳ್ಳೆಯದು. ದಿಬ್ಬಗಳಿಗೆ ಬೇಕಾಗುವುದು ಒಂದು ಸಂಜೆ, ಹೆಚ್ಚೆಂದರೆ ಒಂದು ರಾತ್ರಿ. ಥಾರ್ ಮರುಭೂಮಿಯ ಮೂರು ಹಳೆಯ ರಾಜಧಾನಿಗಳಲ್ಲಿ ಯಾವುದರಲ್ಲಿ ಇಳಿದುಕೊಂಡರೂ ಅದಕ್ಕೆ ಹೇಗೋ ಏರ್ಪಾಡಾಗುತ್ತದೆ. ಆದರೆ ಈ ಮೂರು ಊರುಗಳ ಕಟ್ಟಡಗಳು ಒಂದನ್ನೊಂದು ಹೋಲುವುದೇ ಇಲ್ಲ. ಜೈಸಲ್ಮೇರ್‌ನಲ್ಲಿ ನೋಡಬೇಕಾದದ್ದು ಕಲ್ಲಿನ ಕುಸುರಿ ಮತ್ತು ಅದರ ನಡುವೆ ಇನ್ನೂ ಬದುಕುತ್ತಿರುವ ಜನ. ಜೋಧಪುರದಲ್ಲಿ ಕೋಟೆಯ ಎತ್ತರ, ಗಾತ್ರ ಮತ್ತು ಅದರ ಕೆಳಗೆ ಹರಡಿಕೊಂಡ ಊರು. ಬಿಕಾನೇರ್‌ನಲ್ಲಿ ಹೊರಗಿನಿಂದ ಊಹಿಸಲೂ ಆಗದಂತಹ ಒಳಕೋಣೆಗಳ ಬಣ್ಣ ಮತ್ತು ಚಿನ್ನದ ಕೆಲಸ. ಇವುಗಳಲ್ಲಿ ಯಾವುದು ತಮ್ಮ ಕಣ್ಣಿಗೆ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಂಡವರಿಗೆ ಊರಿನ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ಈ ವ್ಯತ್ಯಾಸಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಭಾಟಿ ರಜಪೂತರ ರಾವಲ್ ಜೈಸಲ್ ಲೋಧ್ರುವಾದಿಂದ ತನ್ನ ರಾಜಧಾನಿಯನ್ನು ತ್ರಿಕೂಟ ಗುಡ್ಡಕ್ಕೆ ಸ್ಥಳಾಂತರಿಸಿ 1156ರಲ್ಲಿ ಜೈಸಲ್ಮೇರನ್ನು ಸ್ಥಾಪಿಸಿದ. ಊರು ಬೆಳೆದದ್ದು ಸಿಂಧ್ ಮತ್ತು ಅದರಾಚೆಯ ನಾಡುಗಳ ಕಡೆಗೆ ಹೋಗುತ್ತಿದ್ದ ಒಂಟೆಗಳ ಸಾರ್ಥದಿಂದ, ಅಂದರೆ ವರ್ತಕರ ಹಣದಿಂದ. ಜೋಧಪುರವನ್ನು ರಾಠೋಡ ವಂಶದ ರಾವ್ ಜೋಧಾ 1459ರಲ್ಲಿ ಕಟ್ಟಿದ. ಹಿಂದಿನ ರಾಜಧಾನಿ ಮಂಡೋರ್ ಸುರಕ್ಷಿತವಲ್ಲ ಎಂಬುದೇ ಸ್ಥಳಾಂತರಕ್ಕೆ ಕಾರಣವಾಗಿದ್ದರಿಂದ ಅಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಹತ್ತಲಾಗದ ಬಂಡೆ. ಅದೇ ಜೋಧಾನ ಮಗ ರಾವ್ ಬಿಕಾ ತಂದೆಯ ರಾಜ್ಯದ ಪಾಲಿಗೆ ಕಾಯದೆ ಉತ್ತರದ ಬಯಲಿಗೆ ಹೋಗಿ 1488ರಲ್ಲಿ ಬಿಕಾನೇರನ್ನು ನೆಲೆಗೊಳಿಸಿದ. ಅವನ ವಂಶದವರು ಮುಂದೆ ಮೊಘಲರ ಸೇನಾಪತಿಗಳಾಗಿ ದೂರದೂರದ ಯುದ್ಧಗಳಿಗೆ ಹೋದರು, ಅಲ್ಲಿನ ಸಂಪತ್ತನ್ನೂ ಅಭಿರುಚಿಯನ್ನೂ ಮನೆಗೆ ತಂದರು. ವ್ಯಾಪಾರ, ರಕ್ಷಣೆ ಮತ್ತು ಆಸ್ಥಾನಸೇವೆ ಎಂಬ ಈ ಮೂರು ಮೂಲಗಳನ್ನು ನೆನಪಿನಲ್ಲಿಟ್ಟುಕೊಂಡರೆ ಒಂದೊಂದು ಊರೂ ಯಾಕೆ ಹಾಗಿದೆ ಎಂಬುದು ಅಲ್ಲಿಗೆ ಹೋದಮೇಲೆ ಬಿಡಿಸಿ ಹೇಳುವ ಅಗತ್ಯವಿರುವುದಿಲ್ಲ.

ಜೈಸಲ್ಮೇರ್: ಗೋಡೆಗಳನ್ನು ಓದುವ ವ್ಯವಧಾನ ಇರುವವರಿಗೆ

ಜೈಸಲ್ಮೇರ್ ಕೋಟೆಗೆ 99 ಬುರುಜುಗಳಿವೆ. ಚಿತ್ತೋಡ್‌ಗಢ, ಕುಂಭಲ್‌ಗಢ, ರಣಥಂಬೋರ್, ಆಮೇರ್ ಮತ್ತು ಗಾಗ್ರೋನ್ ಕೋಟೆಗಳ ಜೊತೆಗೆ ಇದನ್ನೂ ರಾಜಸ್ಥಾನದ ಗಿರಿದುರ್ಗಗಳ ಹೆಸರಿನಲ್ಲಿ ಯುನೆಸ್ಕೋ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಆರರಲ್ಲಿ ಇದಕ್ಕಿರುವ ವಿಶೇಷವೆಂದರೆ ಜನವಸತಿ. ಕೋಟೆಯೊಳಗೆ ಈಗಲೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ನಾಲ್ಕು ಹೆಬ್ಬಾಗಿಲುಗಳನ್ನು ದಾಟಿ ದಸರಾ ಚೌಕಕ್ಕೆ ಬಂದು ನಿಂತರೆ ಒಂದು ಬದಿಯಲ್ಲಿ ಅರಮನೆ, ಇನ್ನೊಂದು ಬದಿಯಲ್ಲಿ ಒಗೆದ ಬಟ್ಟೆ ಒಣಗಿಸಿದ ಮಾಳಿಗೆಗಳು ಒಟ್ಟಿಗೇ ಕಾಣುತ್ತವೆ. ಅರಮನೆಯ ಸಂಗ್ರಹಾಲಯ ಸಾಧಾರಣವಾದದ್ದು. ಸಮಯ ಕಡಿಮೆ ಇದ್ದವರು ಅದನ್ನು ಬಿಟ್ಟು ನೇರವಾಗಿ ಜೈನ ಬಸದಿಗಳ ಕಡೆಗೆ ನಡೆಯಬಹುದು.

ಒಂದಕ್ಕೊಂದು ಹೊಂದಿಕೊಂಡಿರುವ ಏಳು ಬಸದಿಗಳ ಈ ಗುಂಪು ಬಹುಮಟ್ಟಿಗೆ 15 ಮತ್ತು 16ನೇ ಶತಮಾನಗಳದ್ದು. ಪಾರ್ಶ್ವನಾಥ ಬಸದಿಯ ಮುಂದಿನ ತೋರಣವನ್ನು ನೋಡಲು ಒಂದಿಷ್ಟು ಹೊತ್ತು ಬಿಟ್ಟುಕೊಳ್ಳಬೇಕು. ಎರಡು ಕಂಬಗಳ ನಡುವೆ ಬಾಗಿ ನಿಂತ ಆ ಕಮಾನಿನ ಪ್ರತಿ ಅಂಗುಲದಲ್ಲೂ ಆಕೃತಿಗಳಿವೆ, ಆದರೂ ದೂರದಿಂದ ನೋಡಿದಾಗ ಅದು ಭಾರವೆನಿಸುವುದಿಲ್ಲ. ಸಂಭವನಾಥ ಬಸದಿಯ ಕೆಳಗಿನ ನೆಲಮಾಳಿಗೆಯಲ್ಲಿ ಜ್ಞಾನಭಂಡಾರವಿದೆ. ಪಶ್ಚಿಮ ಭಾರತದ ಅತಿ ಹಳೆಯ ತಾಳೆಗರಿ ಹಸ್ತಪ್ರತಿಗಳಲ್ಲಿ ಹಲವು ಉಳಿದುಬಂದದ್ದು ಈ ಒಣಹವೆಯ ಊರಿನಲ್ಲಿ. ಬಸದಿಗಳಿಗೆ ಪ್ರವಾಸಿಗರ ಪ್ರವೇಶ ಮುಖ್ಯವಾಗಿ ಬೆಳಗಿನ ಹೊತ್ತಿನಲ್ಲಿರುವುದರಿಂದ ಊಟ ಮುಗಿಸಿಕೊಂಡು ಹೋಗೋಣ ಎಂದುಕೊಂಡವರು ಮುಚ್ಚಿದ ಬಾಗಿಲನ್ನು ನೋಡಬೇಕಾಗುತ್ತದೆ. ಚರ್ಮದ ಬೆಲ್ಟು, ಪರ್ಸುಗಳನ್ನು ಹೊರಗೇ ಬಿಡಬೇಕು.

ಕೋಟೆಯ ಕೆಳಗಿನ ಪೇಟೆಯಲ್ಲಿ ಹವೇಲಿಗಳಿವೆ, ಅಂದರೆ ಸಿರಿವಂತರು ಕಟ್ಟಿಸಿದ ದೊಡ್ಡ ಮನೆಗಳು. ಇವುಗಳೊಳಗೇ ಒಂದು ಆಯ್ಕೆ ಮಾಡಿಕೊಳ್ಳಬೇಕಾಗುತ್ತದೆ, ಏಕೆಂದರೆ ಒಂದೇ ದಿನ ಎಲ್ಲವನ್ನೂ ನೋಡಿದವರಿಗೆ ಸಂಜೆಯ ಹೊತ್ತಿಗೆ ಯಾವ ಝರೋಕಾ (ಹೊರಚಾಚಿದ ಕೆತ್ತನೆಯ ಕಿಟಕಿ) ಯಾವ ಮನೆಯದೆಂಬುದು ನೆನಪಿನಲ್ಲಿ ಉಳಿದಿರುವುದಿಲ್ಲ. ಪಟ್ವೋಂ ಕೀ ಹವೇಲಿ ಎಂದು ಹೆಸರಾದದ್ದು ಒಂದು ಮನೆಯಲ್ಲ, ಐದು ಮನೆಗಳ ಸಾಲು. ಗುಮಾನ್ ಚಂದ್ ಪಟ್ವಾ ಎಂಬ ಜೈನ ವರ್ತಕ 1805ರಲ್ಲಿ ಆರಂಭಿಸಿದ ಈ ಕೆಲಸ ಅವನ ಮಕ್ಕಳ ಕಾಲದಲ್ಲಿ ದಶಕಗಳ ಕಾಲ ನಡೆಯಿತು. ಒಳಗೆ ಹೋಗಿ ಕೋಣೆಗಳನ್ನು ನೋಡಬೇಕೆನ್ನುವವರಿಗೆ ಇದೇ ಸರಿ. ಸಾಲಿಂ ಸಿಂಗ್ ಹವೇಲಿಯ ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಅಗಲವಾಗಿ ಹೊರಚಾಚಿಕೊಂಡಿದ್ದು, ಅದನ್ನು ನವಿಲಿನ ಆಕಾರದ ಬೋದಿಗೆಗಳು ಹೊತ್ತಿವೆ; ಅದನ್ನು ಬೀದಿಯಿಂದ ನೋಡಿದರೆ ಸಾಕು.

ನನ್ನ ಲೆಕ್ಕದಲ್ಲಿ ಒಂದನ್ನೇ ನೋಡುವುದಾದರೆ ನೋಡಬೇಕಾದದ್ದು 1885ರಲ್ಲಿ ಸಂಸ್ಥಾನದ ದಿವಾನನಿಗಾಗಿ ಕಟ್ಟಿದ ನಥಮಲ್ ಹವೇಲಿಯನ್ನು. ಹಾಥಿ ಮತ್ತು ಲಾಲೂ ಎಂಬ ಅಣ್ಣತಮ್ಮಂದಿರು ಮುಂಭಾಗವನ್ನು ಎರಡು ಪಾಲು ಮಾಡಿಕೊಂಡು ಒಬ್ಬೊಬ್ಬರು ಒಂದೊಂದು ಬದಿಯನ್ನು ಕೆತ್ತಿದರೆಂಬುದು ಅಲ್ಲಿನ ಮಾತು. ಬಾಗಿಲಿನ ಅಕ್ಕಪಕ್ಕದಲ್ಲಿ ನಿಂತ ಎರಡು ಕಲ್ಲಾನೆಗಳಿಂದ ಶುರುಮಾಡಿ ಕಿಟಕಿಯಿಂದ ಕಿಟಕಿಗೆ ಎಡವನ್ನೂ ಬಲವನ್ನೂ ಸರಿಹೋಲಿಸುತ್ತ ಹೋದರೆ, ದೂರದಿಂದ ಕನ್ನಡಿಯ ಪ್ರತಿಬಿಂಬದಂತೆ ಕಂಡ ಎರಡು ಪಾರ್ಶ್ವಗಳಲ್ಲಿ ಹೂವಿನ ಎಸಳು ಬೇರೆ, ಬಳ್ಳಿಯ ತಿರುವು ಬೇರೆ, ಜಾಲಂಧ್ರದ ರಂಧ್ರಗಳ ವಿನ್ಯಾಸವೂ ಬೇರೆ ಎಂಬುದು ಒಂದೊಂದಾಗಿ ಗೊತ್ತಾಗುತ್ತದೆ. ಹೂಬಳ್ಳಿ, ಕುದುರೆ, ಆನೆಗಳ ನಡುವೆ ಉಗಿಬಂಡಿ ಮತ್ತು ಸೈಕಲ್ಲಿನ ಕೆತ್ತನೆಗಳೂ ಇವೆ. ಕಟ್ಟಡದ ಒಂದು ಭಾಗದಲ್ಲಿ ಇಂದಿಗೂ ವಾಸವಿರುವುದರಿಂದ ಒಳಗೆ ಹೆಚ್ಚು ನೋಡಲು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ಈ ಮನೆಗಳೆಲ್ಲ ಕಟ್ಟಿದ್ದ ಹಾಗೆಯೇ ಉಳಿದದ್ದಕ್ಕೆ ಊರಿನ ಬಡತನವೂ ಒಂದು ಕಾರಣ. ಮುಂಬಯಿಯ ಬಂದರು ಬೆಳೆದಂತೆ ವ್ಯಾಪಾರ ಹಡಗುಗಳಿಗೆ ಹೋಯಿತು, 1947ರ ದೇಶ ವಿಭಜನೆಯಿಂದ ಸಿಂಧ್ ಕಡೆಯ ದಾರಿ ಮುಚ್ಚಿಹೋಯಿತು, ವರ್ತಕರು ಬೇರೆ ಊರುಗಳಿಗೆ ಹೊರಟುಹೋದರು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಹಣ ಯಾರಲ್ಲೂ ಉಳಿಯಲಿಲ್ಲ.

ಕೋಟೆಯೊಳಗೆ ತಂಗಬೇಕೇ, ಹೊರಗೇ ಎಂಬುದು ಜೈಸಲ್ಮೇರ್‌ಗೆ ಹೋಗುವ ಎಲ್ಲರಿಗೂ ಎದುರಾಗುವ ಪ್ರಶ್ನೆ. ಒಳಗಿನ ವಸತಿಗೃಹಗಳು ಆಕರ್ಷಕವಾಗಿವೆ, ಬುರುಜಿನ ಕಿಟಕಿಯಿಂದ ಬೆಳಗನ್ನು ನೋಡುವ ಆಸೆಯೂ ಸಹಜವಾದದ್ದೇ. ಆದರೂ ಹೊರಗೆ ಉಳಿಯಿರಿ ಎಂದೇ ಹೇಳುತ್ತೇನೆ. ಶತಮಾನಗಳ ಕಾಲ ಈ ಗುಡ್ಡದ ಮೇಲಿನ ಜನ ಗಡೀಸರ್ ಕೆರೆಯಿಂದ ಹೊತ್ತು ತಂದ ನೀರಿನಲ್ಲಿ ಬದುಕಿದರು; ಹಾಗೆ ಹೊತ್ತ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ. ನಲ್ಲಿ ಬಂದ ಮೇಲೆ ಬಳಕೆ ಹಲವು ಪಟ್ಟು ಹೆಚ್ಚಿತು, ಚರಂಡಿಯ ವ್ಯವಸ್ಥೆ ಅದಕ್ಕೆ ತಕ್ಕಂತೆ ಇರಲಿಲ್ಲ, ಬಚ್ಚಲಿನ ನೀರು ಗುಡ್ಡದೊಳಕ್ಕೆ ಇಂಗಿ ತಳಪಾಯದ ಮಣ್ಣನ್ನು ಸಡಿಲಗೊಳಿಸಿತು. 1990ರ ದಶಕದಲ್ಲಿ ಬುರುಜುಗಳು ಕುಸಿದು, ಅಪಾಯದಲ್ಲಿರುವ ಜಾಗತಿಕ ಸ್ಮಾರಕಗಳ ಪಟ್ಟಿಯಲ್ಲಿ ಕೋಟೆಯ ಹೆಸರು ಕಾಣಿಸಿಕೊಂಡಿತು. ಆನಂತರ ದುರಸ್ತಿ ಕೆಲಸಗಳು ನಡೆದಿವೆಯಾದರೂ, ಗುಡ್ಡದ ಮೇಲೆ ಸ್ನಾನದ ನೀರು ಸುರಿಯುವವರ ಸಂಖ್ಯೆ ಒಂದಾದರೂ ಕಡಿಮೆಯಾಗುವುದು ಒಳ್ಳೆಯದೇ. ಕೋಟೆ ಚೆನ್ನಾಗಿ ಕಾಣುವುದಂತೂ ಹೊರಗಿನ ಮಾಳಿಗೆಗಳಿಂದ.

ಊರ ಹೊರಗೆ ಬಡಾ ಬಾಗ್‌ನಲ್ಲಿ ಛತ್ರಿಗಳೆಂದು ಕರೆಯುವ ರಾಜರ ಸಮಾಧಿ ಮಂಟಪಗಳಿವೆ, ಅವನ್ನು ಸಂಜೆಯ ಬಿಸಿಲಿನಲ್ಲಿ ನೋಡಬೇಕು. ಕುಲ್ಧಾರಾ ಪಾಲೀವಾಲ ಬ್ರಾಹ್ಮಣರು ತೊರೆದುಹೋದ ಹಳ್ಳಿ. ದಿವಾನ ಸಾಲಿಂ ಸಿಂಗನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಊರಿಗೆ ಊರೇ ಖಾಲಿಯಾಯಿತೆಂಬ ಕತೆಯನ್ನೂ ದೆವ್ವದ ಕತೆಯನ್ನೂ ಅಲ್ಲಿ ಧಾರಾಳವಾಗಿ ಹೇಳುತ್ತಾರೆ. ಅದಕ್ಕಿಂತ ನೋಡತಕ್ಕದ್ದು ನೇರವಾದ ಬೀದಿಗಳ ವಿನ್ಯಾಸ. ಮಳೆನೀರನ್ನು ಒಡ್ಡು ಕಟ್ಟಿ ತಗ್ಗಿನ ಹೊಲದಲ್ಲಿ ನಿಲ್ಲಿಸಿ, ಅದು ಇಂಗಿದ ಮೇಲೆ ಆ ತೇವದಲ್ಲೇ ಬೆಳೆ ತೆಗೆಯುವ ಖಡೀನ್ ಎಂಬ ಬೇಸಾಯ ಪದ್ಧತಿ ಈ ಪಾಲೀವಾಲರದು. ಮಳೆಯೇ ಅಪರೂಪವಾದ ನೆಲದಲ್ಲಿ ಇಷ್ಟು ದೊಡ್ಡ ಹಳ್ಳಿಯೊಂದು ಹೇಗೆ ನಿಂತಿತ್ತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಜೋಧಪುರ: ಒಂದೇ ಕೋಟೆಗಾಗಿ ಹೋಗಬಹುದಾದ ಊರು

ಜೋಧಪುರದ ಆಯ್ಕೆ ಎಂದರೆ ಮೆಹ್ರಾನ್‌ಗಢದ ಆಯ್ಕೆ. ಸುಮಾರು 120 ಮೀಟರ್ ಎತ್ತರದ ಬಂಡೆಯ ಮೇಲೆ ನಿಂತ ಈ ಕೋಟೆಯ ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಗುತ್ತದೆಂದು ಕೆಳಗಿನಿಂದ ಹೇಳುವುದು ಕಷ್ಟ. ಒಳಗಿನ ಸಂಗ್ರಹಾಲಯವನ್ನು ರಾಜಮನೆತನದ ಟ್ರಸ್ಟ್ ನಡೆಸುತ್ತಿದೆ. ವಸ್ತುಗಳ ಜೋಡಣೆ, ವಿವರಣೆಯ ಫಲಕಗಳು, ಕಿವಿಗೆ ಹಾಕಿಕೊಂಡು ಕೇಳುವ ಆಡಿಯೊ ಗೈಡ್ ಇವೆಲ್ಲವುಗಳಲ್ಲಿ ಮೂರೂ ಊರುಗಳ ಪೈಕಿ ಇದೇ ಮೇಲು. ಗೈಡ್ ಇಲ್ಲದೆ ತಮ್ಮ ಪಾಡಿಗೆ ನೋಡಬಯಸುವವರು ಹೆಚ್ಚು ಯೋಚಿಸದೆ ಜೋಧಪುರವನ್ನು ಆರಿಸಿಕೊಳ್ಳಬಹುದು. ಮೇಲಕ್ಕೆ ಹೋಗಲು ಲಿಫ್ಟ್ ಇರುವುದರಿಂದ ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋಗುವವರಿಗೂ ಇದೇ ಅನುಕೂಲ.

ಹತ್ತಬಲ್ಲವರು ಮಾತ್ರ ಲಿಫ್ಟ್ ಬಿಟ್ಟು ಬಾಗಿಲುಗಳ ದಾರಿಯಲ್ಲೇ ಹೋಗಬೇಕು. ದಾರಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಜೈಪುರದ ಸೈನ್ಯ ಹಾರಿಸಿದ ಫಿರಂಗಿ ಗುಂಡುಗಳ ಗುರುತು ಗೋಡೆಯ ಮೇಲೆ ಇನ್ನೂ ಇದೆ. ಕೊನೆಯದಾದ ಲೋಹಾ ಪೋಲ್ ಬಾಗಿಲಿನ ಪಕ್ಕದಲ್ಲಿ ಸಾಲಾಗಿ ಪುಟ್ಟ ಕೈಗಳ ಅಚ್ಚುಗಳಿವೆ. 1843ರಲ್ಲಿ ಮಹಾರಾಜ ಮಾನ್ ಸಿಂಗ್ ತೀರಿಕೊಂಡಾಗ ಚಿತೆಯೇರಿದ ರಾಣಿಯರವು ಅವೆಂದು ಹೇಳುತ್ತಾರೆ. ನಮ್ಮ ಊರುಗಳ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈಯೊಂದು ಕಂಬದಿಂದ ಹೊರಚಾಚಿರುವುದನ್ನು ಕಂಡವರಿಗೆ ಈ ಗೋಡೆ ಬೇರೆ ಯಾರ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ. ಬೆಳ್ಳಿಯ ವರಕು ಹಚ್ಚಿ ಕುಂಕುಮ ಇಟ್ಟ ಆ ಅಂಗೈಗಳ ಮುಂದೆಯೇ ಜನ ನಿಂತು ಫೋಟೊ ತೆಗೆಸಿಕೊಳ್ಳುವುದು ನೋಡಲು ಕಸಿವಿಸಿ ಎನಿಸುತ್ತದೆ.

ಒಳಗೆ ಪಲ್ಲಕ್ಕಿ, ಅಂಬಾರಿ, ತೊಟ್ಟಿಲು, ಕತ್ತಿಗಳ ಕೋಣೆಗಳನ್ನು ದಾಟಿದ ಮೇಲೆ ಮೂರು ಮಹಲುಗಳನ್ನು ಗಮನವಿಟ್ಟು ಹೋಲಿಸಬೇಕು. ಮೋತಿ ಮಹಲ್ 16ನೇ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದ ಸೂರ್ ಸಿಂಗನದು, ಗಂಭೀರವಾದ ಸಭಾಂಗಣ. ಫೂಲ್ ಮಹಲ್ 18ನೇ ಶತಮಾನದ ಅಭಯ್ ಸಿಂಗನ ಕಾಲದ್ದು, ಚಿನ್ನದ ಲೇಪ ಕಣ್ಣು ಕುಕ್ಕುವಷ್ಟು. ಅದಾದ ನೂರು ವರ್ಷಕ್ಕೆ ತಖತ್ ಸಿಂಗ್ ಕಟ್ಟಿಸಿಕೊಂಡ ತಖತ್ ವಿಲಾಸದ ಮಾಡಿನಿಂದ ಬಣ್ಣಬಣ್ಣದ ಗಾಜಿನ ಗುಂಡುಗಳು ತೂಗುತ್ತಿವೆ. ಒಂದೇ ವಂಶದ ಅಭಿರುಚಿ ಮೂರು ಕಾಲಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ಹತ್ತು ನಿಮಿಷದ ನಡಿಗೆಯಲ್ಲಿ ಕಾಣಿಸುವ ಕಟ್ಟಡಗಳು ನಮ್ಮಲ್ಲಿ ಹೆಚ್ಚಿಲ್ಲ. ಮೂರನೆಯದು ನನಗೆ ರುಚಿಸುವುದಿಲ್ಲ, ಆದರೆ ಅದನ್ನೂ ನೋಡದೆ ಬರಬಾರದು.

ಕೋಟೆಯ ನಂತರ ಉಮೈದ್ ಭವನ ಅರಮನೆಗೆ ಹೋಗಬೇಕೇ, ಹಳೆಯ ಊರಿನಲ್ಲಿ ಅಡ್ಡಾಡಬೇಕೇ ಎಂಬ ಪ್ರಶ್ನೆ ಬಂದರೆ ಎರಡನೆಯದನ್ನೇ ಆರಿಸಿಕೊಳ್ಳಬೇಕು. ಉಮೈದ್ ಭವನದ ಕತೆ ಸ್ವಾರಸ್ಯವಾಗಿದೆ: ಬರಗಾಲದಲ್ಲಿ ಜನರಿಗೆ ಕೆಲಸ ಕೊಡುವ ಉದ್ದೇಶವೂ ಸೇರಿ 1929ರಲ್ಲಿ ಅಡಿಗಲ್ಲು ಬಿದ್ದು, ಹೆನ್ರಿ ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ 1943ರಲ್ಲಿ ಮುಗಿದ 347 ಕೋಣೆಗಳ ಮಹಾಸೌಧ ಅದು. ಆದರೆ ಅದರ ಬಹುಭಾಗ ಐಷಾರಾಮಿ ಹೋಟೆಲು ಮತ್ತು ರಾಜಮನೆತನದ ನಿವಾಸ. ಪ್ರವಾಸಿಗರಿಗೆ ತೆರೆದಿರುವುದು ಚಿಕ್ಕ ಸಂಗ್ರಹಾಲಯ ಮತ್ತು ಹಳೆಯ ಕಾರುಗಳು ಅಷ್ಟೆ. ಗಂಟಾ ಘರ್ ಗಡಿಯಾರ ಗೋಪುರದಿಂದ ಹೊರಟು 18ನೇ ಶತಮಾನದ ತೂರ್‌ಜೀ ಕಾ ಝಾಲ್ರಾ ಎಂಬ ಮೆಟ್ಟಿಲುಬಾವಿಯನ್ನು ನೋಡಿಕೊಂಡು, ಬ್ರಹ್ಮಪುರಿಯ ನೀಲಿ ಮನೆಗಳ ಸಂದಿಗಳಲ್ಲಿ ಕೋಟೆಯ ಬುಡದವರೆಗೆ ನಡೆದರೆ ಅದಕ್ಕಿಂತ ಹೆಚ್ಚು ದಕ್ಕುತ್ತದೆ. ಗೋಡೆಗಳಿಗೆ ಸುಣ್ಣದ ಜೊತೆ ನೀಲಿ ಬೆರೆಸಿ ಬಳಿದದ್ದು ಬ್ರಾಹ್ಮಣರ ಮನೆಯ ಗುರುತಿಗೆ ಎನ್ನುವವರಿದ್ದಾರೆ, ತಂಪಿಗೆ ಎನ್ನುವವರಿದ್ದಾರೆ, ಗೆದ್ದಲು ಹತ್ತದಿರಲಿ ಎಂದು ಎನ್ನುವವರೂ ಇದ್ದಾರೆ. ಹೊಸ ಕಟ್ಟಡಗಳು ಏಳುತ್ತಿದ್ದಂತೆ ಆ ನೀಲಿ ಈಗ ಅಲ್ಲಲ್ಲಿ ತೇಪೆ ತೇಪೆಯಾಗಿ ಉಳಿದಿದೆ. ಜಾಹೀರಾತಿನ ಚಿತ್ರಗಳಲ್ಲಿ ಕಾಣುವ ಅಖಂಡ ನೀಲಿಯನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾದೀತು.

ಗಿಡಮರಗಳಲ್ಲಿ ಆಸಕ್ತಿ ಇದ್ದವರಿಗೆ ಕೋಟೆಯ ಪಕ್ಕದಲ್ಲೇ ಇರುವ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಒಂದು ಬೆಳಗ್ಗೆಯನ್ನು ಸಾರ್ಥಕಗೊಳಿಸುತ್ತದೆ. ಸುಮಾರು 70 ಹೆಕ್ಟೇರ್ ಬಂಡೆನೆಲವನ್ನು ಪೂರ್ತಿ ಆವರಿಸಿದ್ದ ಬಳ್ಳಾರಿ ಜಾಲಿಯನ್ನು ಕಿತ್ತು, ಈ ನೆಲದ್ದೇ ಆದ ಗಿಡಗಳನ್ನು ಮರಳಿ ತರುವ ಕೆಲಸ ಅಲ್ಲಿ 2006ರಲ್ಲಿ ಶುರುವಾಯಿತು. ಕಡಿದಷ್ಟೂ ಚಿಗುರುವ ಈ ಜಾಲಿಯ ಕಾಟ ನಮ್ಮ ಕಡೆಯ ರೈತರಿಗೆ ಹೊಸದಲ್ಲ. ಬಂಡೆಯ ಬಿರುಕುಗಳಲ್ಲಿ ಇಳಿದ ಅದರ ಬೇರನ್ನು ತೆಗೆಯಲು ಯಂತ್ರಗಳಿಂದ ಸಾಧ್ಯವಾಗದೆ, ಕೊನೆಗೆ ಕಲ್ಲಿಗೆ ಸುತ್ತಿಗೆ ತಟ್ಟಿ ಅದರ ನಾದದಿಂದಲೇ ಎಲ್ಲಿ ಒಡೆಯಬೇಕೆಂದು ತಿಳಿಯಬಲ್ಲ ಖಾಂಡ್ವಾಲಿಯಾ ಎಂಬ ಸ್ಥಳೀಯ ಕಲ್ಲುಕುಟಿಗರನ್ನು ಕರೆಸಬೇಕಾಯಿತು.

ಕಣ್ಣಿಗಿಂತ ಕಿವಿ ಮುಖ್ಯ ಎನ್ನುವವರಿಗೂ ಜೋಧಪುರವೇ ಸೂಕ್ತ, ಅದೂ ಅಕ್ಟೋಬರಿನಲ್ಲಿ. ಲಂಗಾ ಮತ್ತು ಮಾಂಗಣಿಯಾರ್ ಗಾಯಕರ ಊರುಗಳು ಹೆಚ್ಚಾಗಿ ಜೈಸಲ್ಮೇರ್, ಬಾಡ್‌ಮೇರ್ ಕಡೆಯವು. ಆದರೆ ಜೈಸಲ್ಮೇರ್‌ನ ಡೇರೆ ಶಿಬಿರಗಳಲ್ಲಿ ಕೇಳಸಿಗುವುದು ಬಹಳಷ್ಟು ಸಲ ಧ್ವನಿವರ್ಧಕದ ಅಬ್ಬರ ಮತ್ತು ಸಿನಿಮಾ ಹಾಡುಗಳ ಬೇಡಿಕೆ. ಅದೇ ಕಲಾವಿದರ ಕಮಾಯಚಾ, ಖಡತಾಲ್, ಸಾರಂಗಿ ವಾದ್ಯಗಳನ್ನು ಸಾವಧಾನವಾಗಿ ಕೇಳಲು ಶರದ್ ಪೂರ್ಣಿಮೆಯ ಆಸುಪಾಸಿನಲ್ಲಿ ಮೆಹ್ರಾನ್‌ಗಢದಲ್ಲಿ ನಡೆಯುವ ರಾಜಸ್ಥಾನ ಅಂತರರಾಷ್ಟ್ರೀಯ ಜಾನಪದ ಉತ್ಸವ ಒಳ್ಳೆಯ ಅವಕಾಶ. ಆ ದಿನಗಳಲ್ಲಿ ಕೋಣೆಗಳ ಬಾಡಿಗೆ ಏರುತ್ತದೆ ಎಂಬುದನ್ನು ಮರೆಯಬಾರದು.

ಬಿಕಾನೇರ್: ಕಡಿಮೆ ಜನ, ಹೆಚ್ಚು ಬಣ್ಣ

ಬಿಕಾನೇರ್ ಹೊರನೋಟಕ್ಕೆ ಸೋಲುತ್ತದೆ. ಬೆಟ್ಟವಿಲ್ಲ, ದೂರದಿಂದ ಕಾಣುವ ಕೋಟೆಯ ಸಾಲಿಲ್ಲ, ರಸ್ತೆಗಳಲ್ಲಿ ಧೂಳು ಮತ್ತು ದನ. ಪ್ರವಾಸ ಸಂಸ್ಥೆಗಳ ಪಟ್ಟಿಯಲ್ಲಿ ಇದಕ್ಕೆ ಸಿಗುವುದು ದಾರಿಯ ನಡುವಿನ ಅರ್ಧ ದಿನ. ಈ ಉಪೇಕ್ಷೆಯೇ ನೋಡುವವರಿಗೆ ಲಾಭ. ಅಕ್ಬರನ ಸೇನಾಪತಿಗಳಲ್ಲಿ ಒಬ್ಬನಾಗಿದ್ದ ರಾಜಾ ರಾಯ್ ಸಿಂಗ್ 1589ರಿಂದ 1594ರವರೆಗೆ ಕಟ್ಟಿಸಿದ ಜುನಾಗಢ ಕೋಟೆ ಸಮತಟ್ಟಾದ ಬಯಲಿನ ಮೇಲೆ ಕಂದಕ ಮತ್ತು 37 ಬುರುಜುಗಳ ಬಲದಲ್ಲಿ ನಿಂತಿದೆ. ಮುಂದಿನ ರಾಜರು ಒಬ್ಬೊಬ್ಬರೂ ಹಿಂದಿನವರ ಮಹಲನ್ನು ಕೆಡವದೆ ಅದಕ್ಕೆ ತಮ್ಮದನ್ನು ಜೋಡಿಸುತ್ತ ಹೋದದ್ದರಿಂದ ಒಳಗೆ ತೊಟ್ಟಿಗಳು, ಮೊಗಸಾಲೆಗಳು, ಇಕ್ಕಟ್ಟಾದ ಮೆಟ್ಟಿಲುಗಳ ಒಂದು ಜಟಿಲ ಲೋಕವೇ ಇದೆ.

ಅನೂಪ್ ಮಹಲಿನ ಗೋಡೆ, ಕಮಾನು, ಮಾಡುಗಳನ್ನು ಕೆಂಪು ಮತ್ತು ಚಿನ್ನದ ಉಬ್ಬುಚಿತ್ರಗಳು ತುಂಬಿವೆ. ಇದು ಉಸ್ತಾ ಎಂಬ ಮುಸ್ಲಿಂ ಕಲಾವಿದರ ಮನೆತನಗಳ ಕೆಲಸ. ಬಳ್ಳಿಯನ್ನು ಮೊದಲು ಉಬ್ಬಾಗಿ ಮೂಡಿಸಿ ಆಮೇಲೆ ಅದರ ಮೇಲೆ ಚಿನ್ನವನ್ನು ಏರಿಸುತ್ತಾರೆ. ಇದೇ ಕಲೆಯನ್ನು ಒಂಟೆಯ ಚರ್ಮದ ಸೀಸೆ, ದೀಪಗಳ ಮೇಲೆ ಮಾಡುವವರು ಇಂದಿಗೂ ಊರಿನಲ್ಲಿದ್ದಾರೆ. ಬಾದಲ್ ಮಹಲಿನಲ್ಲಿ ಗೋಡೆಯ ತುಂಬ ಕಡುನೀಲಿ ಮೋಡಗಳು ಸುರುಳಿ ಸುರುಳಿಯಾಗಿ ಸುತ್ತಿಕೊಂಡಿವೆ, ನಡುವೆ ಮಿಂಚಿನ ಗೆರೆಗಳು, ಕೆಳಗಡೆ ಸಣ್ಣ ಸಣ್ಣ ಗೀಟುಗಳಾಗಿ ಇಳಿಯುವ ಮಳೆ. ಮಳೆಯನ್ನೇ ಕಾಣದೆ ಬೆಳೆಯುವ ರಾಜಕುಮಾರರಿಗೆ ತೋರಿಸಲೆಂದು ಬರೆಸಿದ್ದು ಎಂದು ಗೈಡ್‌ಗಳು ಹೇಳುತ್ತಾರೆ. ಅದು ಕತೆಯಿರಬಹುದು, ಆದರೆ ಹೊರಗಿನ ಸುಡುಬಿಸಿಲಿನಿಂದ ಒಳಗೆ ಬಂದು ಆ ನೀಲಿಯ ಎದುರು ನಿಂತವರು ಕತೆಯ ಸತ್ಯಾಸತ್ಯತೆಯನ್ನು ವಿಚಾರಿಸಲು ಹೋಗುವುದಿಲ್ಲ.

ಕನ್ನಡ ನಾಡಿನವರಿಗೆ ಬಿಕಾನೇರ್‌ನಲ್ಲಿ ಇನ್ನೊಂದು ಎಳೆಯೂ ಇದೆ. ಆ ಮಹಲಿಗೆ ಹೆಸರು ಕೊಟ್ಟ ಮಹಾರಾಜ ಅನೂಪ್ ಸಿಂಗ್ ಔರಂಗಜೇಬನ ಸೈನ್ಯದಲ್ಲಿ ವರ್ಷಗಟ್ಟಲೆ ದಖ್ಖನಿನಲ್ಲಿದ್ದವನು. 1686ರಲ್ಲಿ ಬಿಜಾಪುರ ಬಿದ್ದ ಯುದ್ಧದಲ್ಲಿ ಪಾಲ್ಗೊಂಡು, ಆದವಾನಿಯ (ಈಗಿನ ಆಂಧ್ರದ ಆದೋನಿ) ಕೋಟೆಯನ್ನು ವಹಿಸಿಕೊಂಡು, 1698ರಲ್ಲಿ ಅಲ್ಲೇ ತೀರಿಕೊಂಡ. ದಕ್ಷಿಣದಿಂದ ಅವನು ಕಳುಹಿಸಿದ ಸಂಸ್ಕೃತ ಹಸ್ತಪ್ರತಿಗಳು ಅವನ ಹೆಸರಿನ ಗ್ರಂಥಭಂಡಾರದಲ್ಲಿ ಉಳಿದಿವೆ, ಅವನು ಸಂಗ್ರಹಿಸಿದ ದೇವರ ವಿಗ್ರಹಗಳು ಕೋಟೆಯಲ್ಲಿವೆ, ಬಿಕಾನೇರ್ ಶೈಲಿಯ ಚಿತ್ರಗಳಲ್ಲಿ ದಖ್ಖನಿ ಬಣ್ಣಗಳ ಛಾಯೆ ಕಾಣಿಸಿಕೊಂಡದ್ದು ಆ ಕಾಲದಲ್ಲೇ. ವಿಜಯಪುರದ ಗೋಲಗುಮ್ಮಟ, ಇಬ್ರಾಹಿಂ ರೋಜಾಗಳನ್ನು ನೋಡಿದವರು ಜುನಾಗಢದ ಗೋಡೆಗಳನ್ನು ಬೇರೆಯೇ ಕುತೂಹಲದಿಂದ ನೋಡುತ್ತಾರೆ.

ಹಳೆಯ ಪೇಟೆಯ ರಾಮ್‌ಪುರಿಯಾ ಹವೇಲಿಗಳನ್ನು ಜೈಸಲ್ಮೇರ್‌ನವುಗಳ ಜೊತೆ ಹೋಲಿಸುವುದು ಅನಿವಾರ್ಯ. ದುಲ್‌ಮೇರಾದ ಕೆಂಪು ಕಲ್ಲಿನಲ್ಲಿ ಕಟ್ಟಿದ ಇವು ಕಾಲದಲ್ಲಿ ಈಚಿನವು. ಝರೋಕಾಗಳ ಪಕ್ಕದಲ್ಲೇ ಯುರೋಪಿನ ಮಾದರಿಯ ಕಿಟಕಿ, ಹೂಕುಂಡ, ಗೊಂಚಲುಗಳು ಬಂದು ಕೂತಿವೆ. ಕೆತ್ತನೆಯ ಸೂಕ್ಷ್ಮತೆಯಲ್ಲಿ ಜೈಸಲ್ಮೇರ್ ಮುಂದು. ಆದರೆ ಅಲ್ಲಿ ಹವೇಲಿಯ ಮುಂದೆ ಅಂಗಡಿಯವರು ಕರೆಯುತ್ತಿರುತ್ತಾರೆ, ಇಲ್ಲಿ ಬೀದಿ ಬಹುತೇಕ ನಿಮ್ಮದೇ. ಬಹಳಷ್ಟು ಮನೆಗಳಿಗೆ ಬೀಗ ಬಿದ್ದಿದೆ, ಮಾಲೀಕರ ಕುಟುಂಬಗಳು ಕೋಲ್ಕತ್ತ, ಮುಂಬಯಿಗಳಲ್ಲಿವೆ. ಹತ್ತಿರದ ಭಾಂಡಾಸರ್ ಬಸದಿ ಐದನೇ ತೀರ್ಥಂಕರ ಸುಮತಿನಾಥನದು. ತಳಪಾಯಕ್ಕೆ ನೀರಿನ ಬದಲು ತುಪ್ಪ ಬಳಸಿದರೆಂದೂ ಬೇಸಿಗೆಯಲ್ಲಿ ನೆಲ ಜಿಡ್ಡಾಗುತ್ತದೆಂದೂ ನಂಬಿಕೆಯಿದೆ. ಒಳಗೋಡೆಯ ಚಿತ್ರಗಳಿಗಾಗಿ ಹೋಗಬೇಕು. ಬ್ರಿಟಿಷ್ ಇಂಜಿನಿಯರ್ ಸ್ವಿಂಟನ್ ಜೇಕಬ್ ರೂಪಿಸಿದ, 1902ರಲ್ಲಿ ಕೆಲಸ ಆರಂಭವಾದ ಲಾಲ್‌ಗಢ ಅರಮನೆಯನ್ನು ಹೊರಗಿನಿಂದ ನೋಡಿ ಮುಂದೆ ಹೋದರೆ ನಷ್ಟವಿಲ್ಲ.

ಇಲಿಗಳ ದೇವಸ್ಥಾನವೆಂದು ಹೆಸರಾದ ದೇಶ್ನೋಕ್‌ನ ಕರ್ಣಿ ಮಾತಾ ಮಂದಿರ ಊರಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಬರಿಗಾಲಿನಲ್ಲಿ ನಡೆಯಬೇಕು, ಇಲಿಗಳು ಕಾಲಿನ ಮೇಲೆಯೇ ಓಡುತ್ತವೆ. ಹೇಸಿಗೆ ಇದ್ದವರು ಸ್ನೇಹಿತರ ಒತ್ತಾಯಕ್ಕೆ ಒಳಗೆ ಹೋಗುವ ಅಗತ್ಯವಿಲ್ಲ. ಅಮೃತಶಿಲೆಯ ಮುಂಭಾಗದ ಕೆತ್ತನೆಯೂ ಬೆಳ್ಳಿಯ ಬಾಗಿಲೂ ಹೊರಗಿನಿಂದಲೇ ಕಾಣುತ್ತವೆ. ಮಕ್ಕಳಿದ್ದರೆ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ಯಬಹುದು. ಇನ್ನು ಭುಜಿಯಾ: ಮಡಕೆ ಕಾಳಿನ ಹಿಟ್ಟಿನಿಂದ ಮಾಡುವ ಈ ಸೇವಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹಳೆಯ ಪೇಟೆಯಲ್ಲಿ ಬಾಣಲೆಯಿಂದ ಆಗತಾನೇ ಇಳಿಸಿದ್ದನ್ನು ತಿಂದವರಿಗೆ ಪೊಟ್ಟಣದ್ದು ಸಪ್ಪೆಯೆನಿಸುತ್ತದೆ.

ದಿಬ್ಬಗಳು, ಕಾಲ, ದಿನಗಳ ಹಂಚಿಕೆ

ಮರಳುದಿಬ್ಬಗಳೇ ಬೇಕೆಂದಾದರೆ ಜೈಸಲ್ಮೇರ್ ಉಳಿದೆರಡಕ್ಕಿಂತ ಮುಂದಿದೆ. ಅಲ್ಲಿಯೂ ಸುಮಾರು 40 ಕಿಲೋಮೀಟರ್ ದೂರದ ಸಮ್ ಮತ್ತು ನೈರುತ್ಯಕ್ಕಿರುವ ಖೂಡಿ ಎಂಬ ಎರಡು ಆಯ್ಕೆಗಳಿವೆ. ಸಮ್‌ನ ದಿಬ್ಬಗಳು ದೊಡ್ಡವು, ಜನ ಮತ್ತು ಜೀಪುಗಳ ಗದ್ದಲವೂ ದೊಡ್ಡದು. ಖೂಡಿ ಚಿಕ್ಕದು, ಹಳ್ಳಿಯ ಮಣ್ಣಿನ ಮನೆಗಳಲ್ಲಿ ತಂಗಬಹುದು. ಗದ್ದಲ ಸಹಿಸದವರಿಗೆ ಖೂಡಿಯೇ ಸರಿ. ಹಕ್ಕಿ ನೋಡುವವರು ಆ ಕಡೆಯಲ್ಲೇ ಇರುವ ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುದಾಸರಿ ಆವರಣಕ್ಕೆ ಬೆಳಗಿನಲ್ಲೇ ಹೋದರೆ, ಅಳಿವಿನಂಚಿಗೆ ಬಂದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಣ್ಣಿಗೆ ಬೀಳುವ ಸಾಧ್ಯತೆಯಿದೆ. ಜೋಧಪುರದಲ್ಲಿ ಇಳಿದುಕೊಂಡವರು ದಿಬ್ಬಗಳಿಗಾಗಿ ಓಸಿಯಾಂ ಕಡೆಗೆ ಹೋಗುತ್ತಾರೆ. ಅಲ್ಲಿನ ದಿಬ್ಬಗಳಿಗಿಂತ 8ನೇ ಶತಮಾನದಿಂದ ಕಟ್ಟುತ್ತ ಬಂದ ದೇಗುಲಗಳೇ ಮೇಲು.

ಅಕ್ಟೋಬರ್ ಕೊನೆಯಿಂದ ಮಾರ್ಚ್ ಆರಂಭದವರೆಗೆ ಮೂರೂ ಊರುಗಳಿಗೆ ಒಳ್ಳೆಯ ಕಾಲ. ಡಿಸೆಂಬರ್, ಜನವರಿಗಳ ರಾತ್ರಿಯ ಚಳಿ ದಕ್ಷಿಣದವರ ಅಂದಾಜಿಗೆ ಮೀರಿದ್ದು, ಡೇರೆಯಲ್ಲಿ ಮಲಗುವವರು ಉಣ್ಣೆಯ ಬಟ್ಟೆ ಒಯ್ಯಲೇಬೇಕು. ಬಿಕಾನೇರ್‌ನ ಒಂಟೆ ಉತ್ಸವ ಜನವರಿಯಲ್ಲಿ, ಜೈಸಲ್ಮೇರ್‌ನ ಮರು ಮಹೋತ್ಸವ ಮಾಘ ಪೂರ್ಣಿಮೆಗೆ ಹೊಂದಿಕೊಂಡು ಬರುತ್ತವೆ. ಏಪ್ರಿಲ್ ನಂತರ ಉಷ್ಣಾಂಶ 45 ಡಿಗ್ರಿಯ ಸಮೀಪಕ್ಕೆ ಏರಿ, ಲೂ ಎಂಬ ಬಿಸಿಗಾಳಿ ಬೀಸತೊಡಗಿದ ಮೇಲೆ ಹೋಗುವುದು ಕಟ್ಟಡಗಳನ್ನು ನೋಡುವ ಕ್ರಮವಲ್ಲ. ರಜೆ ಬೇಸಿಗೆಯಲ್ಲೇ ಸಿಗುವುದಾದರೆ ಜೋಧಪುರ ಒಂದನ್ನೇ ಇಟ್ಟುಕೊಂಡು, ಬೆಳಗ್ಗೆ ಕೋಟೆ, ಮಧ್ಯಾಹ್ನ ವಿಶ್ರಾಂತಿ, ಇಳಿಹೊತ್ತಿನಲ್ಲಿ ಪೇಟೆ ಎಂದು ಭಾಗ ಮಾಡಿಕೊಳ್ಳಬೇಕು.

ಎರಡು ದಿನವಷ್ಟೇ ಇದ್ದವರಿಗೆ ಜೋಧಪುರ ಸೂಕ್ತ, ಏಕೆಂದರೆ ವಿಮಾನ ಮತ್ತು ರೈಲಿನ ಅನುಕೂಲ ಅಲ್ಲಿ ಹೆಚ್ಚು. ಮೂರು ನಾಲ್ಕು ದಿನವಿದ್ದು ಒಂದೇ ಊರಿನಲ್ಲಿ ನಿಧಾನವಾಗಿ ಇರಬಲ್ಲವರು ಜೈಸಲ್ಮೇರ್‌ಗೆ ಹೋಗಬೇಕು. ಅಲ್ಲಿಗೆ ಓಡೋಡಿ ಹೋಗಿ ಬರುವುದರಲ್ಲಿ ಅರ್ಥವಿಲ್ಲ. ಜೈಪುರ, ಉದಯಪುರಗಳನ್ನು ಮೊದಲೇ ನೋಡಿ ಅರಮನೆಗಳಿಂದ ತಣಿದವರಿಗೆ, ಚಿತ್ರಕಲೆಯಲ್ಲಿ ಆಸಕ್ತಿ ಇರುವವರಿಗೆ, ಜನಜಂಗುಳಿ ಆಗದವರಿಗೆ ಬಿಕಾನೇರ್. ಒಂದು ವಾರ ಕೈಯಲ್ಲಿದ್ದು ಮೂರನ್ನೂ ನೋಡುವುದಾದರೆ ಬಿಕಾನೇರ್‌ನಿಂದ ಆರಂಭಿಸಿ, ಸುಮಾರು 330 ಕಿಲೋಮೀಟರ್ ದಾಟಿ ಜೈಸಲ್ಮೇರ್‌ಗೆ ಬಂದು, ಅಲ್ಲಿಂದ 280 ಕಿಲೋಮೀಟರ್ ದೂರದ ಜೋಧಪುರದಲ್ಲಿ ಮುಗಿಸುವುದು ಒಳ್ಳೆಯ ಕ್ರಮ. ಮೆಹ್ರಾನ್‌ಗಢವನ್ನು ಮೊದಲು ನೋಡಿಬಿಟ್ಟವರಿಗೆ ಜುನಾಗಢ ಹೊರಗಿನಿಂದ ತೀರ ಕುಳ್ಳಾಗಿ ಕಂಡು, ಒಳಗೆ ಹೋಗುವ ಉತ್ಸಾಹವೇ ಕುಗ್ಗುವ ಸಂಭವವಿದೆ. ಯಶವಂತಪುರದಿಂದ ಬಿಕಾನೇರ್‌ಗೂ ಬೆಂಗಳೂರು ಮತ್ತು ಜೋಧಪುರದ ನಡುವೆಯೂ ನೇರ ರೈಲುಗಳಿರುವುದರಿಂದ ಹೋಗುವುದು ಒಂದು ದಾರಿ, ಬರುವುದು ಇನ್ನೊಂದು ದಾರಿ ಎಂದು ಯೋಜಿಸಬಹುದು. ಇವು ದಿನನಿತ್ಯದ ಗಾಡಿಗಳಲ್ಲವಾದ್ದರಿಂದ ವಾರದ ಯಾವ ಯಾವ ದಿನ ಓಡುತ್ತವೆಂದು ನೋಡಿಕೊಂಡು ಮೊದಲು ಟಿಕೆಟ್ ಕಾಯ್ದಿರಿಸಿ, ಆಮೇಲೆ ಊರುಗಳಿಗೆ ದಿನ ಹಂಚಿಕೊಳ್ಳಬೇಕು.